ದೀಪದ ಬುಡದಲ್ಲಿ ಪಾಚಿ: ಒಂದು ಗುಡಿ ಗೋಡೆ, ಐದು ಥರ್ಮಾಕೋಲ್ ಪೆಟ್ಟಿಗೆ, ಒಂದು ಮಳೆಗಾಲ

ಚಿಂತಾಮಣಿ ತಾಲ್ಲೂಕಿನ ನಮ್ಮೂರ ಈಶ್ವರನ ಗುಡಿಗೆ ಮೂರು ವರ್ಷದ ಹಿಂದೆ ದಾನಿಗಳೊಬ್ಬರು ನಾಲ್ಕು ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸಿಕೊಟ್ಟರು. ಒಂದೊಂದೂ 50 ವ್ಯಾಟ್. ಮುಖಮಂಟಪದ ಕಲ್ಲುಕಂಬಗಳ ನಡುವೆ ಯಾವ ಕಾಲದಲ್ಲೋ ಇಟ್ಟಿಗೆ ಕಟ್ಟಿ ಗಾರೆ ಬಳಿದ ಗೋಡೆಯಿದೆಯಲ್ಲ, ಅದರ ಬುಡದಲ್ಲಿ ನೆಲಕ್ಕೆ ಕೂರಿಸಿ ಮುಖ ಮೇಲಕ್ಕೆ ತಿರುಗಿಸಿದ್ದಾರೆ. ಸಂಜೆ ಆರಕ್ಕೆ ಹತ್ತಿದರೆ ಬೆಳಗ್ಗೆ ಅರ್ಚಕರು ಬಂದು ಆರಿಸುವವರೆಗೂ ಉರಿಯುತ್ತವೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಗೆ ಪಾಚಿ ಕಟ್ಟಿತು. ಕಟ್ಟಿದ್ದು ಲೈಟು ಬೀಳುವಷ್ಟೇ ಜಾಗಕ್ಕೆ, ಕಾವಲಿ ಮೇಲೆ ಉದ್ದುದ್ದಕ್ಕೆ ಎಳೆದ ದೋಸೆಯ ಆಕಾರದಲ್ಲಿ. ಅದರಾಚೆ ಲೈಟಿಲ್ಲದ ಮೂಲೆಯಲ್ಲಿ ಹಸಿರಿಲ್ಲ, ಮಾಸಲು ಗುಲಾಬಿ ಬಣ್ಣದ ಕಲೆ. ಹೊರಗಡೆ ಬಿಸಿಲು ಬೀಳುವ ಗೋಡೆಯಲ್ಲಿ ನೀರಿಳಿದ ಕಡೆಯೆಲ್ಲ ಕಪ್ಪು ಗೆರೆ.

ಪೇಂಟರ್ ಬಂದು ನೋಡಿ, ಆಸಿಡ್ ಹಾಕಿ ಉಜ್ಜಿ ಮೇಲೊಂದು ಎನಾಮಲ್ ಕೋಟ್ ಕೊಟ್ಟರೆ ಹತ್ತು ವರ್ಷ ಚಿಂತೆಯಿಲ್ಲ ಅಂದ. ಸುಣ್ಣದ ಗಾರೆಗೆ ಆಸಿಡ್ ಹಾಕಿದರೆ ಪಾಚಿಗಿಂತ ಮೊದಲು ಗಾರೆಯೇ ನೊರೆಯಾಗಿ ಹೋಗುತ್ತದೆ. ಎನಾಮಲ್ ಬಳಿದರೆ ಗೋಡೆಯೊಳಗಿನ ತೇವ ಹೊರಗೆ ಬರಲಾಗದೆ ಗಾರೆ ಹೊಪ್ಪಳಿಕೆ ಏಳುತ್ತದೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಕಮಿಟಿ ಮುಂದೆ ಬಾಯಿ ತಪ್ಪಿ, "ಒಂದು ಮಳೆಗಾಲ ತಡೀರಿ, ಲೈಟಿಂದಲೋ ನೀರಿಂದಲೋ ನೋಡಿ ಹೇಳ್ತೀನಿ" ಅಂದುಬಿಟ್ಟೆ. ಜೂನ್‌ನಿಂದ ನವೆಂಬರ್‌ವರೆಗೆ ಮಾಡಿದ್ದು, ಕೆಡಿಸಿಕೊಂಡಿದ್ದು ಎಲ್ಲವೂ ನೋಟ್‌ಬುಕ್ಕಿನಿಂದ ಇಲ್ಲಿಗೆ.

ಜೂನ್ 14. ಒಪ್ಪಿಗೆ

ನಮ್ಮ ಜಿಲ್ಲೆಯಲ್ಲಿ ಹಳೇ ಗೋಡೆ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ನಂದಿಯ ಭೋಗನಂದೀಶ್ವರ. ಆದರೆ ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆಯಡಿ ಬರುವ ಗೋಡೆಗೆ ಇಲಾಖೆಯ ಅನುಮತಿಯಿಲ್ಲದೆ ಕೈ ಹಚ್ಚುವಂತಿಲ್ಲ. ಕೋಲಾರದ ಕೋಲಾರಮ್ಮ, ಸೋಮೇಶ್ವರ ಗುಡಿಗಳಿಗೂ ಇದೇ ಮಾತು. ನಮ್ಮ ಗುಡಿ ಆ ಪಟ್ಟಿಯಲ್ಲಿಲ್ಲ, ಊರ ಕಮಿಟಿಯದು. ಯಜಮಾನರು ಒಂದು ಹಾಳೆಯಲ್ಲಿ ಒಪ್ಪಿಗೆ ಬರೆದು ಸಹಿ ಹಾಕಿದರು.

ಪಟ್ಟಿಯಲ್ಲಿಲ್ಲ ಅಂತ ಗೋಡೆ ಕೆರೆಯೋಕೆ ಹೋಗಲಿಲ್ಲ. ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಎರಡು. ಗೋಡೆಯಿಂದ ಹತ್ತಿಯಲ್ಲಿ ಒರೆಸಿದಷ್ಟೇ ಮಾದರಿ. ಗಾರೆ ಬೇಕಾದರೆ ತಾನಾಗಿ ಉದುರಿ ನೆಲಕ್ಕೆ ಬಿದ್ದ ಚಕ್ಕೆ ಮಾತ್ರ.

ಜೂನ್ 15. ಮಾದರಿ

ಹಳೇ ಎಕ್ಸ್‌ರೇ ಹಾಳೆಯಲ್ಲಿ 5 ಸೆಂ.ಮೀ. ಚೌಕದ ಕಿಟಕಿ ಕತ್ತರಿಸಿಕೊಂಡೆ (ನಮ್ಮಪ್ಪನ ಮೊಣಕಾಲಿನದು, ಈಗಲೂ ಬೆಳಕಿಗೆ ಹಿಡಿದರೆ ಚಿಪ್ಪು ಕಾಣುತ್ತದೆ). ಸ್ಪಿರಿಟ್‌ನಲ್ಲಿ ಒರೆಸಿ ಗೋಡೆಗೆ ಹಿಡಿದು, ಕಿಟಕಿಯೊಳಗಿನ ಜಾಗವನ್ನಷ್ಟೇ ಕುಕ್ಕರಿನಲ್ಲಿ ಬೇಯಿಸಿದ ಹತ್ತಿ ಕಡ್ಡಿಯಿಂದ ಮೂರು ದಿಕ್ಕಿಗೆ ಉಜ್ಜಿದೆ. ಕಡ್ಡಿಯನ್ನು 10 ಮಿಲೀ ಉಪ್ಪುನೀರಿನಲ್ಲಿ ಅದ್ದಿ ಅಲುಗಾಡಿಸಿದೆ. ಲೀಟರಿಗೆ 8.5 ಗ್ರಾಂ ಉಪ್ಪು ಹಾಕಿ ಕುದಿಸಿದ ನೀರು. ನಾಲ್ಕು ಜಾಗ: ಬೆಳಕಿನ ನಟ್ಟನಡು, ಬೆಳಕಿನ ಅಂಚು, ಕತ್ತಲ ಮೂಲೆ, ಹೊರಗೋಡೆ.

ಜೂನ್ 16–25. ಅಡುಗೆಮನೆ

ಬ್ಯಾಕ್ಟೀರಿಯಾ ಬೆಳೆಸಲು ಎರಡು ಥರದ ಊಟ ಬೇಕಿತ್ತು. ಬೆಳಕು ತಿಂದು ಬದುಕುವ ಸಯನೋಬ್ಯಾಕ್ಟೀರಿಯಾಕ್ಕೆ, ಹಸಿರು ಪಾಚಿಗೆ ಬಿಜಿ-11. ಅದರಲ್ಲಿ ಸಕ್ಕರೆಯ ಲವಲೇಶವಿಲ್ಲ, ಬರೀ ಲವಣ. ಉಳಿದವಕ್ಕೆ ಆರ್2ಎ ಅಗರ್ (ಅಗರ್ ಅಂದರೆ ಊಟವನ್ನು ಜೆಲ್ಲಿ ಕಟ್ಟಿಸುವ ಪುಡಿ). ಇದನ್ನೇ ಆರಿಸಿದ್ದಕ್ಕೆ ಕಾರಣ, ಗೋಡೆ ಮೇಲಿನ ಜೀವಗಳು ಅರೆಹೊಟ್ಟೆಯಲ್ಲಿ ಬದುಕಿ ರೂಢಿಯಾದವು. ಪುಷ್ಕಳ ಬಡಿಸಿದರೆ ಗಾಳಿಯಲ್ಲಿ ಬಂದ ದಾಂಡಿಗರು ಮೊದಲು ಎದ್ದು ತಟ್ಟೆ ತುಂಬುತ್ತಾರೆ. ಆರ್2ಎ ಪುಡಿ ಲೀಟರಿಗೆ 18.1 ಗ್ರಾಂ, ಅದರಲ್ಲಿ 15 ಗ್ರಾಂ ಬರೀ ಅಗರ್. ಊಟ ಅಂತ ಇರೋದು ಮೂರು ಗ್ರಾಂ ಚಿಲ್ಲರೆ.

ಲ್ಯಾಬಿನಲ್ಲಿ ಹಬೆಯ ಒತ್ತಡದಿಂದ ಕ್ರಿಮಿ ಸಾಯಿಸುವ ಆಟೋಕ್ಲೇವ್ ಇಲ್ಲ. ಮನೆಯ 7.5 ಲೀಟರ್ ಕುಕ್ಕರ್. ಸೀಟಿ ಕೂರಿಸಿದ ಕುಕ್ಕರಿನೊಳಗೆ ಹತ್ತಿರತ್ತಿರ 120 ಡಿಗ್ರಿ ಸಿಗುತ್ತದೆ. ನಮ್ಮದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಸೀಮೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಒಳಗಿನ ಶಾಖವೂ ಒಂದೆರಡು ಡಿಗ್ರಿ ಕಡಿಮೆ. ಪುಸ್ತಕದ 15 ನಿಮಿಷದ ಬದಲು ಮೊದಲ ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ 30 ನಿಮಿಷ ಬಿಟ್ಟೆ.

ಮೊದಲ ಸಲ ಅರ್ಧ ಲೀಟರ್ ಬಾಟಲಿಗೆ ಕುತ್ತಿಗೆಯವರೆಗೂ ತುಂಬಿಸಿದ್ದೆ. ಒಳಗೇ ಉಕ್ಕಿ ಸೀಟಿಯ ತೂತಿಗೆ ಅಗರ್ ಹೊಕ್ಕು, ಆರಿದ ಮೇಲೆ ಜೆಲ್ಲಿಯಾಗಿ ಕೂತಿತು. ಅದನ್ನು ಗಮನಿಸದೆ ಮಾರನೇ ದಿನ ಮನೆಯಾಕೆ ಬೇಳೆ ಇಟ್ಟಿದ್ದರೆ ಏನಾಗುತ್ತಿತ್ತೋ. ಪುಣ್ಯಕ್ಕೆ ಆಕೆ ತೂತನ್ನು ಊದಿ ನೋಡುವ ಅಭ್ಯಾಸದವಳು. "ಇನ್ನು ಈ ಕುಕ್ಕರ್ ನಿಮ್ದೇ, ನಂಗೆ ಬೇರೆ ತಂದ್ಕೊಡಿ" ಅಂದಳು. ಆ ಖರ್ಚು ಕೆಳಗಿನ ಲೆಕ್ಕದಲ್ಲಿಲ್ಲ. ಬಾಟಲಿ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಕುಕ್ಕರ್ ಅಡುಗೆಗೂ ಪ್ರಯೋಗಕ್ಕೂ ಒಂದೇ ಇಟ್ಟುಕೊಳ್ಳಬೇಡಿ.

ಎರಡನೇ ತಪ್ಪು ಫ್ಯಾನ್. ಸೆಕೆ ಅಂತ ಹಾಕಿಕೊಂಡು ತಟ್ಟೆಗಳಿಗೆ ಅಗರ್ ಸುರಿದೆ. ಮೂರನೇ ದಿನಕ್ಕೆ 12ರಲ್ಲಿ 9 ತಟ್ಟೆಗೆ ಬೂಷ್ಟು. ಎರಡನೇ ಸಲ ಕಿಟಕಿ ಮುಚ್ಚಿ, ಟೇಬಲ್ ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ದೀಪದ ಪಕ್ಕದಲ್ಲೇ ಬೆವರಿಳಿಸಿಕೊಂಡು ಸುರಿದೆ. ಒಂದೇ ಒಂದು ತಟ್ಟೆ ಕೆಟ್ಟಿತು.

ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ತಟ್ಟೆಗಳನ್ನು ಕೋಣೆಯ ಶಾಖದಲ್ಲೇ ಇಡಿ. 37 ಡಿಗ್ರಿಯಲ್ಲಿಟ್ಟರೆ ನಮ್ಮ ಮೈಯಲ್ಲಿ ಬೆಳೆಯಬಲ್ಲವಕ್ಕೇ ಸಡಗರ. ಬೆಳೆದ ತಟ್ಟೆಯ ಸುತ್ತ ಟೇಪ್ ಸುತ್ತಿ, ಮುಚ್ಚಳ ತೆಗೆಯಬೇಡಿ. ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿ ಆಮೇಲೆ ಬಿಸಾಡಿ.

ಜುಲೈ 2. ಮೊದಲ ಎಣಿಕೆ

ನೂರು ಪಟ್ಟು ತೆಳುಮಾಡಿ 0.1 ಮಿಲೀ ಹರಡಿದ ತಟ್ಟೆಗಳು. ಬೆಳಕಿನ ನಡುವಿನ ಜಾಗದ್ದು 64 ಚುಕ್ಕೆ, ಕತ್ತಲ ಮೂಲೆಯದ್ದು 71. ಲೆಕ್ಕ ಹಾಕಿದರೆ ಚದರ ಸೆಂ.ಮೀ.ಗೆ 25,600 ಮತ್ತು 28,400. ಅಂದರೆ ಸಂಖ್ಯೆಯಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು. ಕತ್ತಲಲ್ಲಿ ಕಡಿಮೆ ಇರಬೇಕು ಅಂದುಕೊಂಡಿದ್ದವನಿಗೆ ಇದು ಮೊದಲ ಪೆಟ್ಟು.

ಆದರೆ ಬಣ್ಣ ಬೇರೆ. ಬೆಳಕಿನ ತಟ್ಟೆಯಲ್ಲಿ ಹಳದಿ, ಕಿತ್ತಳೆ ಚುಕ್ಕೆ ಹೆಚ್ಚು. ಕತ್ತಲಿನದರಲ್ಲಿ ಕೆನೆ ಬಣ್ಣದವು, ನಾಲ್ಕಾರು ಗುಲಾಬಿ, ಮತ್ತೆ ಒಣಗಿದ ಸುಣ್ಣದ ಹಾಗೆ ಪುಡಿಪುಡಿಯಾಗಿ ಅಗರ್‌ಗೆ ಕಚ್ಚಿಕೊಂಡ ಆಕ್ಟಿನೋಬ್ಯಾಕ್ಟೀರಿಯಾ ಥರದವು. ತಟ್ಟೆ ಇಟ್ಟ ಡಬ್ಬಿಯ ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಮಣ್ಣಿಗೆ ಆ ವಾಸನೆ ಕೊಡುವುದೂ ಇದೇ ಗುಂಪಿನ ಸ್ಟ್ರೆಪ್ಟೋಮೈಸಿಸ್‌ಗಳು.

ತಟ್ಟೆಯಲ್ಲಿ ಏಳುವುದು ಗೋಡೆಯಲ್ಲಿರುವುದರ ಸಣ್ಣ ಪಾಲು. ನೂರಕ್ಕೆ ಒಂದು ಅಂತ ಲೆಕ್ಕ ಹೇಳುವ ರೂಢಿಯಿದೆ. ಪೂರ್ತಿ ಜನಗಣತಿ ಬೇಕಿದ್ದರೆ ಡಿಎನ್‌ಎ ಓದಿಸಬೇಕು. ಬೆಂಗಳೂರಿಗೆ ಕಳಿಸಿದರೆ ಒಂದೊಂದು ಮಾದರಿಗೆ ಸಾವಿರಗಟ್ಟಲೆ. ಹುಂಡಿ ದುಡ್ಡಲ್ಲಿ ಬ್ಯಾಕ್ಟೀರಿಯಾದ ಜಾತಕ ಬರೆಸುತ್ತೀನಿ ಅಂತ ಕಮಿಟಿಯನ್ನು ಕೇಳುವ ಧೈರ್ಯ ನನಗಿಲ್ಲ.

ಜುಲೈ 5, ರಾತ್ರಿ. ಟಾರ್ಚು

ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಮೋಸವಾಗದ ಸಾಮಾನು ಅಂದರೆ 520 ರೂಪಾಯಿಯ 365 ನ್ಯಾನೋಮೀಟರ್ ಯುವಿ ಟಾರ್ಚು. ರಾತ್ರಿ ಎಂಟೂವರೆಗೆ ಮಂಗಳಾರತಿ ಮುಗಿದ ಮೇಲೆ ಅರ್ಚಕರ ಮಗನಿಗೆ ಹೇಳಿ ನಾಲ್ಕೂ ಲೈಟು ಆರಿಸಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಅಂತ ಐದು ನಿಮಿಷ ಸುಮ್ಮನೆ ಕೂತೆವು. ಬಾವಲಿಯ ಪಟಪಟ ಬಿಟ್ಟರೆ ಸದ್ದಿಲ್ಲ. ಟಾರ್ಚ್ ಹಾಕಿದೆ. ಹಗಲು ಹಸಿರು ಕಾಣುವ ಗೋಡೆ ಕೆಂಡದ ಮೇಲೆ ಬೂದಿ ಮುಚ್ಚಿದ ಹಾಗೆ ಮಂದವಾಗಿ ಕೆಂಪಗೆ ಹೊಳೆಯಿತು. ಪತ್ರಹರಿತ್ತಿಗೆ ಯುವಿ ಬಿದ್ದರೆ ಅದು ಕೆಂಪು ಬೆಳಕನ್ನು ವಾಪಸು ಬಿಡುತ್ತದೆ. ಪಾಠದಲ್ಲಿ ಇಪ್ಪತ್ತು ವರ್ಷ ಹೇಳಿದ್ದೆ, ಗೋಡೆಯ ಮೇಲೆ ನೋಡಿದ್ದು ಅದೇ ಮೊದಲು. ಹುಡುಗ ಬೆರಳಲ್ಲಿ ಮುಟ್ಟಿ, ಬೆರಳು ನೋಡಿಕೊಂಡು, "ಕುಂಕುಮ ಅಂದ್ಕೊಂಡೆ ಸಾರ್, ಏನೂ ಅಂಟಿಲ್ಲ" ಅಂದ.

ಕೆಂಪು ಹೊಳಪು ಹಗಲು ಕಾಣುವ ಹಸಿರಿನ ಗಡಿಯಿಂದ ಸುತ್ತಲೂ ಒಂದು ಗೇಣು ಆಚೆಗಿತ್ತು. ಕಣ್ಣಿಗೆ ಬೀಳುವ ಮೊದಲೇ ಅಲ್ಲಿಗೆ ಬಂದು ಕೂತಿವೆ. ಟೇಪ್ ಹಿಡಿದು ಅಳೆದೆ: ಮೂರನೇ ಲೈಟಿನ ಮೇಲಿನ ಕಲೆ ಅಡ್ಡಕ್ಕೆ 142 ಸೆಂ.ಮೀ.

ಹೊರಗೋಡೆಯ ಕಪ್ಪು ಗೆರೆಗಳಿಗೆ ಟಾರ್ಚ್ ಹಾಕಿದರೆ ಹೊಳಪೇ ಇಲ್ಲ. ‘ಸತ್ತದ್ದು, ಅಥವಾ ದೀಪದ ಮಸಿ’ ಅಂತ ಬರೆದುಕೊಂಡೆ. ಅದು ತಪ್ಪು. ಮಾರನೇ ವಾರ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ಮಾಡಿ ನೋಡಿದರೆ ಎರಡೆರಡು ನಾಲ್ಕುನಾಲ್ಕು ಕೋಶಗಳು ಒಂದೇ ಹೊದಿಕೆಯೊಳಗೆ ಮುದುರಿಕೊಂಡ, ಗ್ಲಿಯೋಕ್ಯಾಪ್ಸಾ ಎಂಬ ಸಯನೋಬ್ಯಾಕ್ಟೀರಿಯಾ ಥರದ ಗುಂಪುಗಳು, ಹೊದಿಕೆ ಕಂದುಗಪ್ಪು. ಜೀವಂತ. ಸಯನೋಬ್ಯಾಕ್ಟೀರಿಯಾದ ಪತ್ರಹರಿತ್ತು ಹಸಿರು ಪಾಚಿಯಷ್ಟು ಹೊಳೆಯುವುದಿಲ್ಲ, ಜೊತೆಗೆ ಬಿಸಿಲಿನ ಯುವಿ ತಡೆಯಲು ಅವು ತಾವೇ ತಯಾರಿಸಿ ಹೊದ್ದುಕೊಳ್ಳುವ ಬಣ್ಣ ನನ್ನ ಟಾರ್ಚಿನ ಯುವಿಯನ್ನೂ ನುಂಗಿಬಿಡುತ್ತದೆ. ನಮ್ಮ ಕಡೆಯ ಗುಡಿ, ಕೋಟೆ, ಬಂಡೆಗಳ ಮೇಲಿನ ಕಪ್ಪು ನೀರ್ಗೆರೆಗಳಲ್ಲಿ ಬಹಳಷ್ಟು ಇವರದೇ ಸಂಸಾರ. ಟಾರ್ಚ್ ಹೊಳೆಯದಿದ್ದರೆ ಜೀವ ಇಲ್ಲ ಅಂತ ತೀರ್ಮಾನಿಸಬೇಡಿ.

ಜುಲೈ 7–30. ಬಿಲ್ಲೆಗಳು

ಗೋಡೆಯ ಮೇಲೇ ಲೈಟು ಬದಲಾಯಿಸಿ ನೋಡುವಂತಿಲ್ಲ. ಮನೆಯಲ್ಲಿ ಗಾರೆ ಬಿಲ್ಲೆ ಮಾಡಿ, ಮೇಲೆ ಪಾಚಿ ಬಿತ್ತಿ, ಬೇರೆಬೇರೆ ಬೆಳಕಿನಲ್ಲಿಡುವುದು ಯೋಜನೆ. ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಎರಡು ಪಾಲು, 7 ಸೆಂ.ಮೀ. ಚೌಕ, 1 ಸೆಂ.ಮೀ. ದಪ್ಪ, ಒಟ್ಟು 24. ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಗುಡಿಯಲ್ಲಿ ಉದುರಿದ ಹಸಿರು ಚಕ್ಕೆಗಳನ್ನು ಉಪ್ಪುನೀರಿನಲ್ಲಿ ಅರೆದು ಒಂದೊಂದಕ್ಕೂ 2 ಮಿಲೀ ಹಾಕಿದೆ.

ದಿನಗಟ್ಟಲೆ ಕಾದರೂ ಏನೂ ಇಲ್ಲ. ಕೆಮಿಸ್ಟ್ರಿ ಲ್ಯಾಬಿನಿಂದ, ಕ್ಷಾರ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ತಂದು ಒಂದು ಹನಿ ಬಿಟ್ಟರೆ ಕಡು ಗುಲಾಬಿ. ಹಸಿ ಸುಣ್ಣದ ಪಿಎಚ್ 12ರ ಮೇಲೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಸುಣ್ಣದ ಕಲ್ಲಾಗಿ ತಣ್ಣಗಾಗಲು ತಿಂಗಳುಗಟ್ಟಲೆ ಬೇಕು. ಸುಣ್ಣ ಬಳಿದರೆ ಬೂಷ್ಟು ಬರಲ್ಲ ಅಂತ ನಮ್ಮಜ್ಜಿ ವರ್ಷಕ್ಕೊಮ್ಮೆ ಗೋಡೆಗೆ ಬಳಿಯುತ್ತಿದ್ದಳು. ಅಜ್ಜಿಗೆ ಗೊತ್ತಿದ್ದದ್ದು ಎಂಎಸ್‌ಸಿ ಮಾಡಿದ ನನಗೆ ಹೊಳೆಯಲಿಲ್ಲ. ನಾನು ಬಿತ್ತಿದ್ದೆಲ್ಲ ಸುಣ್ಣದಲ್ಲಿ ಬೆಂದುಹೋಗಿತ್ತು.

ಬಿಲ್ಲೆಗಳನ್ನು ತಗಡಿನ ಡಬ್ಬಕ್ಕೆ ಹಾಕಿ, ಪಕ್ಕದಲ್ಲಿ ಒಂದು ಲೋಟ ಸಕ್ಕರೆ ನೀರಿಗೆ ಯೀಸ್ಟ್ ಬೆರೆಸಿಟ್ಟು, ಬಾಯಿ ಮುಚ್ಚಿ, ಹುಳಿ ಬರುವಾಗ ಏಳುವ ಇಂಗಾಲದ ಡೈಆಕ್ಸೈಡ್ ಕುಡಿಸಿದೆ. ಹತ್ತು ದಿನಕ್ಕೆ ಮೇಲ್ಮೈಯ ಗುಲಾಬಿ ಹೋಯಿತು, ಒಡೆದು ನೋಡಿದರೆ ಒಳಗೆ ಹಾಗೇ ಇತ್ತು. ಕೊನೆಗೆ ಬಿಲ್ಲೆಗಳ ಸಹವಾಸ ಬಿಟ್ಟು, ಗುಡಿಯ ಹಿಂಭಾಗದಲ್ಲಿ ಮಾಳಿಗೆ ರಿಪೇರಿಗೆ ಒಡೆದು ಹಾಕಿದ್ದ ಹಳೇ ಗಾರೆಯ ರಾಶಿಯಿಂದ ಅಂಗೈಯಗಲದ 21 ತುಣುಕು ಆರಿಸಿ, ಕುಕ್ಕರಿನಲ್ಲಿ ಬೇಯಿಸಿ ಬಳಸಿದೆ. ಮೊದಲೇ ಹಾಗೆ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಆಗಸ್ಟ್ 1–27. ಪೆಟ್ಟಿಗೆ, ಮತ್ತು ಲಕ್ಸ್ ಎಂಬ ಮೋಸ

ಮೆಡಿಕಲ್ ಸ್ಟೋರಿನವರು ಇಂಜೆಕ್ಷನ್ ತರಿಸುವ ಥರ್ಮಾಕೋಲ್ ಪೆಟ್ಟಿಗೆ ಐದು, ಪುಕ್ಕಟೆ. ಒಂದು ಪೂರ್ತಿ ಕತ್ತಲು. ಉಳಿದ ನಾಲ್ಕಕ್ಕೆ ಎಲ್‌ಇಡಿ ಸ್ಟ್ರಿಪ್: ಟ್ಯೂಬ್‌ಲೈಟ್ ಬಿಳಿ 6500 ಕೆಲ್ವಿನ್, ಬಲ್ಬಿನ ಹಳದಿ ಬಿಳಿ 3000 ಕೆಲ್ವಿನ್, ನೀಲಿ, ಕೆಂಪು. ನೀಲಿ ಕೆಂಪು ಯಾಕೆಂದರೆ ಕಮಿಟಿಯವರಿಗೆ ಜಾತ್ರೆಗೆ ಬಣ್ಣದ ಫ್ಲಡ್‌ಲೈಟ್ ಹಾಕುವ ಆಸೆಯಿದೆ. ದಿನಕ್ಕೆ 12 ಗಂಟೆ, ಟೈಮರ್ ಸ್ವಿಚ್ಚಿನಲ್ಲಿ. ತೇವಕ್ಕೆ ಒದ್ದೆ ಸ್ಪಂಜು.

280 ರೂಪಾಯಿಯ ಎರಡು ತೇವಮಾಪಕ ಕೊಂಡೆ. ಅವುಗಳ ಮಾತು ನಂಬುವ ಮೊದಲು ಒಂದು ಪರೀಕ್ಷೆ: ಸೀಸೆಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಕೆಸರಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಜಿಪ್ ಕವರಿನಲ್ಲಿ ಒಂದು ರಾತ್ರಿ ಮುಚ್ಚಿಡಿ. ಒಳಗಿನ ತೇವ ಶೇಕಡ 75ಕ್ಕೆ ನಿಲ್ಲುತ್ತದೆ. ನನ್ನವು 81 ಮತ್ತು 73 ತೋರಿಸಿದವು. ಅಷ್ಟನ್ನು ಕಳೆದು ಕೂಡಿ ಓದಿಕೊಂಡೆ.

ಮೊದಲ ಎಡವಟ್ಟು ಶಾಖ. ಥರ್ಮಾಕೋಲ್ ಇರುವುದೇ ಶಾಖ ಹಿಡಿದಿಡಲು. ಲೈಟು ಹತ್ತಿದ ಪೆಟ್ಟಿಗೆ ಮಧ್ಯಾಹ್ನಕ್ಕೆ 34 ಡಿಗ್ರಿ, ಕತ್ತಲಿನದು 26. ಲೈಟಿನ ತುಣುಕುಗಳು ಗರಿಗರಿ ಒಣಗಿದವು, ಕತ್ತಲಿನವು ಒದ್ದೆ. ನಾನು ಅಳೆಯುತ್ತಿದ್ದದ್ದು ಬೆಳಕನ್ನಲ್ಲ, ಒಣಗಿಲನ್ನು. ಮುಚ್ಚಳಕ್ಕೆ ಗಾಜು ಕೂರಿಸಿ, ಸ್ಟ್ರಿಪ್ಪನ್ನು ಗಾಜಿನಾಚೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಂಟಿಸಿ, ಅಡಾಪ್ಟರ್ ಹೊರಗಿಟ್ಟೆ. ಆಗ ವ್ಯತ್ಯಾಸ ಒಂದೂವರೆ ಡಿಗ್ರಿಗಿಳಿಯಿತು. ತೇವ ಸಮ ಮಾಡಲು ಒಂದೊಂದು ತುಣುಕಿನ ಒದ್ದೆ ತೂಕ ಬರೆದಿಟ್ಟು, ದಿನ ಬಿಟ್ಟು ದಿನ ತೂಗಿ, ಕಡಿಮೆಯಾದಷ್ಟು ಕುದಿಸಿದ ಮಳೆನೀರು ಹನಿಸಿದೆ.

ಎರಡನೆಯದು ದೊಡ್ಡದು, ಮರ್ಯಾದೆ ಹೋದದ್ದು. ನಾಲ್ಕೂ ಪೆಟ್ಟಿಗೆಯಲ್ಲಿ ಬೆಳಕು ಸಮ ಇರಬೇಕಲ್ಲ, ಫೋನಿನ ಲಕ್ಸ್ ಮೀಟರ್ ಆ್ಯಪ್ ಹಿಡಿದು ಎಲ್ಲವನ್ನೂ 300 ಲಕ್ಸಿಗೆ ತಂದೆ. ನೀಲಿ ಎಷ್ಟು ಹಾಕಿದರೂ 300 ಮುಟ್ಟುತ್ತಿರಲಿಲ್ಲ. ಮತ್ತೆರಡು ರೋಲ್ ತಂದು ಒತ್ತೊತ್ತಾಗಿ ಅಂಟಿಸಿದೆ. ಎರಡು ವಾರಕ್ಕೆ ನೀಲಿ ಪೆಟ್ಟಿಗೆ ಟಾರ್ಚಿಗೆ ಕೆಂಪಾಯಿತು, ಉಳಿದವು ಆಗಲಿಲ್ಲ. ಕಮಿಟಿ ಸಭೆಗೆ ಹೋಗಿ, "ನೀಲಿ ಲೈಟೇ ಕಳ್ಳ, ಬಿಳಿ ಎಲ್‌ಇಡಿಯಲ್ಲೂ ನೀಲಿ ಜಾಸ್ತಿ, ಹಳದಿಗೆ ಬದಲಾಯಿಸಿ" ಅಂತ ಭಾಷಣ ಮಾಡಿ ಬಂದೆ.

ಮನೆಗೆ ಬಂದು ನೀಲಿ ಪೆಟ್ಟಿಗೆ ತೆಗೆದರೆ ಕಣ್ಣು ಕುಕ್ಕಿತು. ಆಗ ಅನುಮಾನ ಬಂತು. ಲಕ್ಸ್ ಅಳೆಯುವುದು ಮನುಷ್ಯನ ಕಣ್ಣಿಗೆ ಎಷ್ಟು ಬೆಳಕು ಅನ್ನಿಸುತ್ತದೆ ಅಂತ. ನಮ್ಮ ಕಣ್ಣಿಗೆ ಹಸಿರುಹಳದಿ ಪ್ರೀತಿ, ನೀಲಿ ಕಂಡರೆ ಅಸಡ್ಡೆ. ಪಾಚಿಗೆ ಹಾಗಿಲ್ಲ, ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಬಾಚಿ ಕುಡಿಯುತ್ತದೆ. ನೀಲಿಯಲ್ಲಿ 300 ಲಕ್ಸ್ ಬರಿಸಬೇಕಾದರೆ ಬಿಳಿಯ ನಾಲ್ಕೈದು ಪಟ್ಟು ಬೆಳಕಿನ ಕಣ ಸುರಿಯಬೇಕು. ನಾನು ಒಂದು ಪೆಟ್ಟಿಗೆಗೆ ಬಾಳೆಲೆ ಊಟ ಹಾಕಿ, ಇನ್ನೊಂದಕ್ಕೆ ತೀರ್ಥ ಕೊಟ್ಟು, ಯಾರು ದಪ್ಪ ಆದರು ಅಂತ ನೋಡುತ್ತಿದ್ದೆ.

ಸರಿಯಾದ ಮೀಟರಿಗೆ ಹತ್ತಾರು ಸಾವಿರ. ಬದಲಿ ದಾರಿ: ಆಟಿಕೆಗೆ ಹಾಕುವ 6 ವೋಲ್ಟಿನ ಪುಟಾಣಿ ಸೋಲಾರ್ ಪ್ಯಾನಲ್, 120 ರೂಪಾಯಿ. ಅದರ ಎರಡು ತಂತಿಯನ್ನು ಮಲ್ಟಿಮೀಟರಿನ ಮಿಲಿಆಂಪಿಯರ್ ತುದಿಗಳಿಗೆ ನೇರ ಕೊಟ್ಟರೆ ಬರುವ ಕರೆಂಟು, ಬಿದ್ದ ಬೆಳಕಿನ ಕಣಗಳ ಎಣಿಕೆಗೆ ಹತ್ತಿರತ್ತಿರ ತಾಳೆಯಾಗುತ್ತದೆ, ಬಣ್ಣದ ಪಕ್ಷಪಾತ ಬಹಳ ಕಡಿಮೆ. ಅದೇ 300 ಲಕ್ಸಿನಲ್ಲಿ ಟ್ಯೂಬ್‌ಲೈಟ್ ಬಿಳಿ 0.11, ಕೆಂಪು 0.19, ನೀಲಿ 0.49. ಸಂಖ್ಯೆ ನೋಡಿ ನಾಚಿಕೆಯಾಯಿತು. ಎಲ್ಲವನ್ನೂ 0.11ಕ್ಕೆ ಇಳಿಸಿ, ತುಣುಕುಗಳನ್ನು ಮತ್ತೆ ಬೇಯಿಸಿ, ಹೊಸದಾಗಿ ಬಿತ್ತಿದೆ. ಕಮಿಟಿಗೆ ಹೋಗಿ ಹೇಳಿದ್ದು ತಪ್ಪು ಅಂತಲೂ ಹೇಳಿದೆ. "ಹಂಗಾದ್ರೆ ಈಗ್ಲೂ ಪೇಂಟರ್ನ ಕರೀಬೋದಾ ಮೇಷ್ಟ್ರೇ?" ಅಂದರು ಯಜಮಾನರು.

ಸೆಪ್ಟೆಂಬರ್ 1 – ಅಕ್ಟೋಬರ್ 26. ಸರಿಯಾದ ಸುತ್ತು

ಪೆಟ್ಟಿಗೆಗೆ ಮೂರು ತುಣುಕು. ಜೊತೆಗೆ ಎರಡು ರಟ್ಟಿನ ಡಬ್ಬ ಸೇರಿಸಿದೆ, ಎರಡಕ್ಕೂ ಟ್ಯೂಬ್‌ಲೈಟ್ ಬಿಳಿ: ಒಂದರಲ್ಲಿ ದಿನಕ್ಕೆ 4 ಗಂಟೆ ಮಾತ್ರ ಬೆಳಕು, ಇನ್ನೊಂದರಲ್ಲಿ 12 ಗಂಟೆ ಬೆಳಕು ಆದರೆ ಮೊದಲ ದಿನದ ನಂತರ ನೀರಿಲ್ಲ. ದಿನಾ ರಾತ್ರಿ ಟಾರ್ಚ್ ಹಾಕಿ, ಮೂರು ತುಣುಕಿನಲ್ಲಿ ಎರಡಾದರೂ ಕೆಂಪಾದ ದಿನ ಬರೆದುಕೊಂಡೆ.

ಟ್ಯೂಬ್‌ಲೈಟ್ ಬಿಳಿ 19ನೇ ದಿನ, ಕೆಂಪು 21, ನೀಲಿ 22, ಹಳದಿ ಬಿಳಿ 24. ಒಂದೇ ಪೆಟ್ಟಿಗೆಯ ತುಣುಕುಗಳ ನಡುವೆಯೇ ನಾಲ್ಕೈದು ದಿನದ ಅಂತರ ಇತ್ತು. ಹಾಗಾಗಿ ಈ ನಾಲ್ಕು ಸಂಖ್ಯೆ ಹಿಡಿದು ಯಾವ ಬಣ್ಣ ಒಳ್ಳೆಯದು ಅಂತ ಹೇಳುವವನು ಮತ್ತೆ ನನ್ನ ಆಗಸ್ಟ್ ತಿಂಗಳ ಭಾಷಣ ಮಾಡುತ್ತಾನೆ. ನಾಲ್ಕು ಗಂಟೆಯ ಡಬ್ಬ 41ನೇ ದಿನ. ನೀರಿಲ್ಲದ್ದು 56 ದಿನವಾದರೂ ಇಲ್ಲ. ಕತ್ತಲು, ಇಲ್ಲ. ಅಂದರೆ ಬಣ್ಣಕ್ಕಿಂತ ಗಂಟೆ ಮುಖ್ಯ, ಗಂಟೆಗಿಂತ ನೀರು ಮುಖ್ಯ. ಮೂರು ತುಣುಕಿನ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ಹೇಳಲಾರೆ.

ಕತ್ತಲ ತುಣುಕುಗಳನ್ನು ಒರೆಸಿ ಆರ್2ಎಗೆ ಹಾಕಿದರೆ ಗೋಡೆಯದೇ ಕಥೆ. ಚುಕ್ಕೆಗಳ ಸಂಖ್ಯೆ ಬೆಳಕಿನವಕ್ಕೆ ಸಮಸಮ, ಬಣ್ಣ ಮಾತ್ರ ಕೆನೆ. ಬೆಳಕಿನವುಗಳಲ್ಲಿ ಹಳದಿ, ಕಿತ್ತಳೆ. ಬೆಳಕಿನಲ್ಲಿ ಬದುಕುವ ಬ್ಯಾಕ್ಟೀರಿಯಾಕ್ಕೆ ಕ್ಯಾರೊಟಿನಾಯ್ಡ್ ಬಣ್ಣ ಕೊಡೆಯ ಹಾಗೆ, ಮತ್ತೆ ಪಾಚಿ ಸೋರಿಸುವ ಸಕ್ಕರೆ, ಲೋಳೆ ಇವಕ್ಕೆ ಊಟ. ಲೈಟು ಆರಿಸಿದರೆ ಗೋಡೆ ಖಾಲಿಯಾಗುವುದಿಲ್ಲ, ಒಕ್ಕಲು ಬದಲಾಗುತ್ತದೆ. ಪೂರ್ತಿ ಕತ್ತಲು ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ನಮ್ಮ ಮೂಲೆಯ ಗುಲಾಬಿ ಕಲೆ ತೋರಿಸಬೇಕು.

ಫ್ರಾನ್ಸಿನ ಲಾಸ್ಕೋ ಗುಹೆಯದು ಇದೇ ರೋಗ. ಆದಿಮಾನವರ ಚಿತ್ರಗಳಿರುವ ಗುಹೆ 1940ರಲ್ಲಿ ಸಿಕ್ಕಿತು, 1948ರಲ್ಲಿ ಜನಕ್ಕೆ ತೆರೆದರು. ಲೈಟು, ಜನರ ಉಸಿರು, ತೇವ ಸೇರಿ ಗೋಡೆಗೆ ಹಸಿರು ಹಿಡಿದು, 1963ರಲ್ಲಿ ಮುಚ್ಚಿಬಿಟ್ಟರು. ಆಮೇಲೂ ಅಲ್ಲಿ ಬೂಷ್ಟಿನ ಕಾಟ ತಪ್ಪಲಿಲ್ಲ. ನಮ್ಮ ಈಶ್ವರನನ್ನು ಹಾಗೆ ಮುಚ್ಚೋಕಾಗಲ್ಲ.

ಖರ್ಚು

ಸ್ಟ್ರಿಪ್ 4 ರೋಲ್ 1,280. ಲಕ್ಸ್ ನಂಬಿ ತಂದ ಎರಡು ನೀಲಿ ರೋಲ್ ದಂಡ 640. ಅಡಾಪ್ಟರ್ 450, ಟೈಮರ್ 650, ತೇವಮಾಪಕ 560, ಟಾರ್ಚು 520, ಆರ್2ಎ ಪುಡಿ 1,450, ಬಿಜಿ-11 1,100, ತಟ್ಟೆಗಳು 400, ಗಾಜು 300, ಸುಣ್ಣ ಮರಳು 150, ಸೋಲಾರ್ 120. ಒಟ್ಟು 7,620. ಮಲ್ಟಿಮೀಟರ್, ತೂಕದ ಯಂತ್ರ ಇದ್ದವು. ಬಿಜಿ-11 ದಂಡ ಅಂತ ಈಗ ಅನ್ನಿಸುತ್ತದೆ, ಟಾರ್ಚು ಹೇಳಿದ್ದಕ್ಕಿಂತ ಹೆಚ್ಚು ಅದೇನೂ ಹೇಳಲಿಲ್ಲ.

ಅಕ್ಟೋಬರ್ 28ರಿಂದ. ಗುಡಿಯಲ್ಲಿ

ಕಮಿಟಿಗೆ ಎರಡು ಕೆಲಸ ಹೇಳಿದೆ. ಒಂದು, ಮಾಳಿಗೆಯ ನೀರಿಳಿಯುವ ಪೈಪು ಗೋಡೆಗೆ ಒಂದಡಿ ಮೇಲೆಯೇ ಒಡೆದಿದೆ, ಅದನ್ನು ನೆಲದವರೆಗೂ ಇಳಿಸಿ ಕಾಲುವೆಗೆ ಬಿಡಿ. ಎರಡು, ಲೈಟುಗಳಿಗೆ ಟೈಮರ್ ಹಾಕಿ ಸಂಜೆ 6ರಿಂದ 9:30ಕ್ಕೆ ಸಾಕುಮಾಡಿ. ಆದರೆ ಮೂರನೇ ಲೈಟು ಮಾತ್ರ ಮೊದಲಿನ ಹಾಗೇ ರಾತ್ರಿಯಿಡೀ ಉರಿಯಲಿ. ಪೈಪು ಸರಿಮಾಡಿದ್ದರಿಂದ ಪಾಚಿ ನಿಂತಿತೋ, ಗಂಟೆ ಕಡಿಮೆ ಮಾಡಿದ್ದರಿಂದಲೋ ಬೇರ್ಪಡಿಸಲು ಅದೊಂದು ಹಳೇ ಕ್ರಮದಲ್ಲೇ ಇರಬೇಕು. ಎಲ್ಲರೂ ತಲೆಯಾಡಿಸಿದರು. ಪೈಪೂ ಟೈಮರೂ ಒಂದೇ ದಿನ ಮುಗಿದವು. ಪೇಂಟರ್ ಸದ್ಯಕ್ಕೆ ಇಲ್ಲ.

ನವೆಂಬರ್ 9ಕ್ಕೆ ಅಳೆಯಲು ಹೋದರೆ ಮೂರನೇ ಲೈಟಿಗೂ ಟೈಮರ್. ಎಲೆಕ್ಟ್ರಿಷಿಯನ್ ಹುಡುಗನನ್ನು ಕೇಳಿದೆ. "ಒಂದ್ ಮಾತ್ರ ರಾತ್ರಿಯೆಲ್ಲಾ ಉರೀತಿತ್ತು ಸಾರ್, ಮರ್ತಿದ್ದಾರೆ ಅಂತ ಅದುಕ್ಕೂ ಎಳ್ದಾಕ್ದೆ. ದುಡ್ಡೇನೂ ಬೇಡ" ಅಂದ. ಹನ್ನೊಂದು ದಿನ ಹಾಗೆ ಹೋಗಿದೆ. ಬೇರ್ಪಡಿಸಿದೆ ಮತ್ತೆ. ಅಷ್ಟರಲ್ಲಿ ಕಾರ್ತಿಕ ಸೋಮವಾರಗಳು: ನಾಲ್ಕೂ ಲೈಟು, ಸೀರಿಯಲ್ ಸೆಟ್ಟು, ಗೋಡೆಯುದ್ದಕ್ಕೂ ಎಣ್ಣೆ ದೀಪ, ಬೆಳಗಾಗುವವರೆಗೂ. ದಿನಾಂಕ ಬರೆದುಕೊಂಡಿದ್ದೇನೆ.

ಮೂರನೇ ಕಲೆ ಅಡ್ಡಕ್ಕೆ ಈಗ 139 ಸೆಂ.ಮೀ., ಜುಲೈನಲ್ಲಿ 142. ಟೇಪನ್ನು ಒಂದಿಷ್ಟು ಓರೆ ಹಿಡಿದರೂ ಮೂರು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅಂಚಿನಲ್ಲಿ ಎರಡು ಕಡೆ ಸೀಮೆಸುಣ್ಣದ ಚುಕ್ಕೆ ಇಟ್ಟಿದ್ದೇನೆ, ಸ್ವಿಚ್ಚಿನ ಮೇಲೆ "ಆರಿಸಬೇಡಿ, ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದೇನೆ. ಮುಂದಿನ ಅಳತೆ ಜೂನ್‌ನಲ್ಲಿ, ಮೊದಲ ಮಳೆಗೆ ಮುಂಚೆ.